ಸಿಬಿಲ್ ಸರಿಮಾಡಿಸಲು ಏಜೆಂಟರಿಗೆ 18,000 ಕೊಡಬೇಕಾ?

ಓದುಗರ ಪ್ರಶ್ನೆ: ನನಗೆ 39 ವರ್ಷ. ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಮನೆ ಕೊಳ್ಳಲು ಬ್ಯಾಂಕಿಗೆ ಅರ್ಜಿ ಹಾಕಿದ್ದೆ. ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಸಿಬಿಲ್ ಸ್ಕೋರು 611 ಇದೆ, ಆಗಲ್ಲ ಅಂದರು. ರಿಪೋರ್ಟ್ ತೆಗೆದು ನೋಡಿದರೆ ಮೂರು ಕಡೆ ತೊಂದರೆ. 2014ರಲ್ಲಿ ತೆಗೆದುಕೊಂಡು 2017ರಲ್ಲಿ ತೀರಿಸಿದ ಬೈಕ್ ಸಾಲದಲ್ಲಿ ಇನ್ನೂ 3,870 ರೂಪಾಯಿ ಬಾಕಿ, 'ರಿಟನ್ ಆಫ್' (ವಸೂಲಾಗದ ಸಾಲ) ಅಂತ ಇದೆ. ಎನ್‌ಒಸಿ, ಅಂದರೆ ಸಾಲ ತೀರಿದೆ ಅನ್ನೋ ಪತ್ರ, ನನ್ನ ಹತ್ತಿರ ಇದೆ. ಯಾವುದೋ ಫೈನಾನ್ಸ್ ಕಂಪನಿಯಲ್ಲಿ 42,000 ಪರ್ಸನಲ್ ಲೋನ್ ಅಂತಿದೆ, ಅದನ್ನು ನಾನು ತೆಗೆದುಕೊಂಡೇ ಇಲ್ಲ. ಇನ್ನೊಂದು, 2020ರ ಲಾಕ್‌ಡೌನ್ ಹೊತ್ತಿನ ಕ್ರೆಡಿಟ್ ಕಾರ್ಡ್ ಬಾಕಿ. 61,000 ಇದ್ದದ್ದನ್ನು ಮಾತಾಡಿ 35,000ಕ್ಕೆ ಮುಗಿಸಿದ್ದೆ, ಅದು 'ಸೆಟಲ್ಡ್' ಅಂತ ಬರ್ತಿದೆ. ಬೆಂಗಳೂರಿನ ಒಬ್ಬರು 18,000 ಕೊಟ್ಟರೆ 45 ದಿನದಲ್ಲಿ ಮೂರನ್ನೂ ತೆಗೆಸಿ 750 ದಾಟಿಸ್ತೀನಿ ಅಂತಿದ್ದಾರೆ. ಅರ್ಧ ಮುಂಗಡ. ಪ್ಯಾನ್, ಆಧಾರ್ ಕೇಳಿದ್ದಾರೆ, ಒಟಿಪಿ ಬಂದರೆ ಹೇಳಿ ಅಂದಿದ್ದಾರೆ. ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ, ಮೂರು ತಿಂಗಳ ಗಡುವು. ಕೊಡಲಾ?

ಉತ್ತರ:

ಕೊಡಬೇಡಿ. ಈ ವ್ಯಕ್ತಿಗೆ, ಈ ಷರತ್ತಿನ ಮೇಲಂತೂ ಬೇಡವೇ ಬೇಡ. ಯಾಕೆ ಅಂತ ಹೇಳ್ತೀನಿ, ಆಮೇಲೆ ನೀವೇ ಏನು ಮಾಡಬಹುದು, ಎಲ್ಲಿ ನಿಜಕ್ಕೂ ತಿಳಿದವರ ಸಹಾಯಕ್ಕೆ ದುಡ್ಡು ಖರ್ಚು ಮಾಡಬಹುದು ಅನ್ನೋದನ್ನೂ ಹೇಳ್ತೀನಿ. ಗಡುವು ಇದೆ ಅಂದಿದ್ದೀರಿ, ಹಾಗಾಗಿ ಪೂರ್ತಿ ಓದಿ, ನಾಳೆಯೇ ಶುರು ಮಾಡಿ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಅರ್ಥ ಆಗುತ್ತೆ. ಸಿಬಿಲ್ ಅಂದರೆ ಜನರ ಸಾಲದ ದಾಖಲೆ ಇಟ್ಟುಕೊಳ್ಳುವ ಕಂಪನಿ. ಅವರು ನಿಮ್ಮ ಬಗ್ಗೆ ತಾವಾಗಿ ಏನನ್ನೂ ಬರೆಯುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಏನು ಕಳಿಸುತ್ತೋ ಅದು ಅಲ್ಲಿ ಕೂರುತ್ತದೆ. ಅದನ್ನು ಬದಲಿಸಬೇಕಾದರೂ ಕಳಿಸಿದವರೇ ಒಪ್ಪಿ ಹೊಸ ಮಾಹಿತಿ ಕಳಿಸಬೇಕು. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಇರುವುದೇ ಹಾಗೆ. ಅಂದ ಮೇಲೆ 'ಒಳಗೆ ನಮ್ಮವರಿದ್ದಾರೆ' ಅನ್ನೋ ಏಜೆಂಟರ ಮಾತಿಗೆ ಬೆಲೆ ಇಲ್ಲ. ಅವರು ಮಾಡುವುದು ನೀವು ಮಾಡಬಹುದಾದ್ದನ್ನೇ: ರಿಪೋರ್ಟ್ ತೆಗೆಯುವುದು, ಡಿಸ್ಪ್ಯೂಟ್ (ಮಾಹಿತಿ ತಪ್ಪು ಅನ್ನೋ ತಕರಾರು) ಹಾಕುವುದು, ಬ್ಯಾಂಕಿಗೆ ಮೇಲ್ ಕಳಿಸುವುದು. ಈ ಮೂರಕ್ಕೂ ಸರ್ಕಾರಿ ಫೀಸು ಅಂತ ಒಂದು ರೂಪಾಯಿ ಇಲ್ಲ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ 22 ವರ್ಷ ಇದ್ದೆ. ಈಗ ಇಂಥ ಕಡತಗಳನ್ನು ಬಿಡಿಸಿಕೊಡುವುದೇ ನನ್ನ ಕೆಲಸ. ಕಳೆದ ವರ್ಷ ಒಬ್ಬ ಶಿಕ್ಷಕಿ ಬಂದಿದ್ದರು. ಏಜೆಂಟರಿಗೆ 12,000 ಕೊಟ್ಟು ಐದು ತಿಂಗಳು ಕಾದಿದ್ದರು. ಅವರ ಮೇಲ್ ತೆಗೆದು ನೋಡಿದೆ. ಏಜೆಂಟರು ಕಳಿಸಿದ್ದು ಒಂದೇ ಒಂದು ಸಾಲು, 'ಪ್ಲೀಸ್ ಅಪ್‌ಡೇಟ್ ಮೈ ಸಿಬಿಲ್' ಅಂತ. ಸಾಲದ ಖಾತೆ ಸಂಖ್ಯೆ ಇಲ್ಲ, ಏನು ತಪ್ಪು ಅಂತ ಇಲ್ಲ, ಒಂದು ಕಾಗದ ಲಗತ್ತಿಸಿಲ್ಲ. ಬ್ಯಾಂಕಿನವರು 'ನಮ್ಮ ದಾಖಲೆ ಸರಿ ಇದೆ' ಅಂತ ಉತ್ತರ ಕೊಟ್ಟು ಮುಚ್ಚಿದ್ದರು. ಆ ಮೇಲ್ ನೋಡಿದರೆ ಯಾರಾದರೂ ಅದನ್ನೇ ಹೇಳುತ್ತಿದ್ದರು.

ಅವರ ಕೇಸು ಏನಾಗಿತ್ತು ಗೊತ್ತಾ? ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತಲ್ಲ, ಪ್ಯಾನ್ ಮಾಡಿಸುವಾಗ ಅದನ್ನು ಬಿಡಿಸಿ ತಂದೆಯ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿಬಿಡುತ್ತಾರೆ. ಒಬ್ಬರದೇ ಹೆಸರು ಆಧಾರ್‌ನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಒಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಅವರದೇ ಹೆಸರು, ತಂದೆಯದೂ ಅದೇ ಹೆಸರು ಇರುವ ಇನ್ನೊಬ್ಬ ಮಹಿಳೆಯ ಸಾಲ ಇವರ ರಿಪೋರ್ಟಿಗೆ ಬಂದು ಕೂತಿತ್ತು. ಆ ಸಾಲದ ಅರ್ಜಿಯ ಪ್ರತಿ ಮತ್ತು ಕೆವೈಸಿ ಕೊಡಿ ಅಂತ ಕೇಳಿ ಒಂದು ಪತ್ರ ಬರೆದೆವು. ಬ್ಯಾಂಕಿನವರು ಹಳೇ ಫೈಲು ತೆಗೆದರು, ಫೋಟೋ ಬೇರೆ, ಹುಟ್ಟಿದ ದಿನಾಂಕ ಬೇರೆ. 19 ದಿನದಲ್ಲಿ ಸರಿಹೋಯಿತು. ಏನು ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸುವ ಪತ್ರ ಮತ್ತು ಅದಕ್ಕೆ ತಕ್ಕ ಕಾಗದ, ಕೆಲಸ ಮಾಡಿದ್ದು ಇಷ್ಟೇ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನೀವು 'ಮೂರು ತಪ್ಪು' ಅಂದುಕೊಂಡಿದ್ದೀರಿ. ನನಗೆ ಕಾಣಿಸ್ತಿರೋದು ಒಂದು ತಪ್ಪು, ಒಂದು ಮೋಸ, ಒಂದು ನಿಜ. ಮೂರಕ್ಕೂ ದಾರಿ ಬೇರೆ ಬೇರೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ತೆಗೆಸಿಕೊಡ್ತೀನಿ' ಅನ್ನುವವರನ್ನು ನಾನು ನಂಬುವುದಿಲ್ಲ.

ಬೈಕ್ ಸಾಲ ನಿಜವಾದ ತಪ್ಪು. ರಿಪೋರ್ಟಿನಲ್ಲಿ ಆ ಖಾತೆಯ ಪುಟ ತೆಗೆಯಿರಿ. 'ಡೇಟ್ ಕ್ಲೋಸ್ಡ್' ಅನ್ನೋ ಮನೆ ಖಾಲಿ ಇರುತ್ತೆ, ಪಕ್ಕದಲ್ಲಿ 'ಡೇಟ್ ರಿಪೋರ್ಟೆಡ್' ಅಂತ ಒಂದು ದಿನಾಂಕ ಇರುತ್ತೆ. ಕೆಳಗೆ ತಿಂಗಳು ತಿಂಗಳಿನ ಚಿಕ್ಕ ಚಿಕ್ಕ ಮನೆಗಳಿವೆ ಅಲ್ವಾ, ಅದರಲ್ಲಿ 000 ಅಂತಿದ್ದರೆ ಆ ತಿಂಗಳು ಬಾಕಿ ಇರಲಿಲ್ಲ ಅಂತ ಅರ್ಥ. 030, 060, 090 ಅಂದರೆ ಅಷ್ಟು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂತಿದ್ದರೆ ಆ ತಿಂಗಳ ಮಾಹಿತಿಯನ್ನು ಸಾಲ ಕೊಟ್ಟವರು ಕಳಿಸಿಲ್ಲ. ನಿಮ್ಮ ಎನ್‌ಒಸಿಯ ದಿನಾಂಕ ನೋಡಿ, ಆ ದಿನಾಂಕದ ನಂತರದ ಮನೆಗಳಲ್ಲಿ ಬಾಕಿ ಏರುತ್ತಾ ಹೋಗಿದ್ದರೆ ನಿಮ್ಮ ಕೇಸು ಗಟ್ಟಿ. ಸಾಮಾನ್ಯವಾಗಿ ಇಂಥದ್ದು ಆಗುವುದು ಯಾವುದೋ ಒಂದು ಇಎಂಐ ಬೌನ್ಸ್ ಚಾರ್ಜಿನಿಂದ. ಕಂತೆಲ್ಲ ಕಟ್ಟಿರ್ತೀರಿ, ಬೌನ್ಸಿನ ಕೆಲವು ನೂರು ರೂಪಾಯಿ ಸಿಸ್ಟಮ್‌ನಲ್ಲಿ ಉಳಿದಿರುತ್ತೆ, ಅದರ ಮೇಲೆ ದಂಡ ಸೇರುತ್ತಾ ಹೋಗುತ್ತೆ, ಕೊನೆಗೆ ಅಷ್ಟು ಚಿಕ್ಕ ಮೊತ್ತಕ್ಕೆ 'ರಿಟನ್ ಆಫ್' ಅನ್ನೋ ದೊಡ್ಡ ಕಳಂಕ ಅಂಟಿಕೊಳ್ಳುತ್ತೆ. ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತೆ, ಪ್ರಾಮಾಣಿಕವಾಗಿ ಸಾಲ ತೀರಿಸಿದವರೇ ಇದರಲ್ಲಿ ಸಿಕ್ಕಿಕೊಳ್ಳುವುದು ಜಾಸ್ತಿ.

ಇಲ್ಲಿ ಒಂದು ಆಸೆ ಬರುತ್ತೆ: 3,870 ತಾನೇ, ಬಿಸಾಕಿ ಮುಗಿಸೋಣ ಅಂತ. ತಡೆಯಿರಿ. ಎನ್‌ಒಸಿ ಕೈಯಲ್ಲಿರುವಾಗ ದುಡ್ಡು ಕಟ್ಟಿದರೆ ಬಾಕಿ ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ ಆಗುತ್ತೆ. ರಿಪೋರ್ಟಿನಲ್ಲೂ 'ರೈಟ್ ಆಫ್ ಆದ ಮೇಲೆ ಮುಚ್ಚಿದ ಖಾತೆ' ಅಂತ ಉಳಿದುಬಿಡಬಹುದು. ಮೊದಲು ಪತ್ರ ಬರೆಯಿರಿ. ಹೀಗೆ ಬರೆದರೆ ಸಾಕು:

'ನಿಮ್ಮ ಸಂಸ್ಥೆಯಿಂದ ಪಡೆದ ದ್ವಿಚಕ್ರ ವಾಹನ ಸಾಲ, ಖಾತೆ ಸಂಖ್ಯೆ ಇಂಥದ್ದು, ಪೂರ್ತಿ ಪಾವತಿಯಾಗಿದ್ದು ಇಂಥ ದಿನಾಂಕದ ನಿಮ್ಮ ಎನ್‌ಒಸಿ ಲಗತ್ತಿಸಿದ್ದೇನೆ. ಆದರೂ ನನ್ನ ಕ್ರೆಡಿಟ್ ವರದಿಯಲ್ಲಿ ರೂ. 3,870 ಬಾಕಿ ಮತ್ತು ರಿಟನ್ ಆಫ್ ಎಂದು ತೋರಿಸುತ್ತಿದೆ. ಎನ್‌ಒಸಿ ದಿನಾಂಕಕ್ಕೆ ಖಾತೆ ಮುಚ್ಚಿದೆ ಎಂದೂ ಬಾಕಿ ಸೊನ್ನೆ ಎಂದೂ ತಿದ್ದಿ, ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಿಕೊಡಿ. ಆಗುವುದಿಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ಕೊಡಿ.'

ಕೊನೆಯ ಎರಡು ವಾಕ್ಯ ಬಿಡಬೇಡಿ. ನಾಲ್ಕು ಅಂದದ್ದು ಯಾಕೆ ಅಂದರೆ ನಾವೆಲ್ಲ ಬಾಯಲ್ಲಿ ಸಿಬಿಲ್ ಅಂತೀವಿ, ಆದರೆ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಸಾಲ ಕೊಡುವವರು ನಾಲ್ಕಕ್ಕೂ ಮಾಹಿತಿ ಕಳಿಸಬೇಕು. ಸಿಬಿಲ್‌ನಲ್ಲಿ ಮಾತ್ರ ಸರಿ ಮಾಡಿಸಿಕೊಂಡು ನೆಮ್ಮದಿಯಾಗಿದ್ದವರಿಗೆ, ಮುಂದಿನ ಬ್ಯಾಂಕು ಎಕ್ಸ್‌ಪೀರಿಯನ್ ತೆಗೆದು ನೋಡಿ ಇಲ್ಲ ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಸ್ಕೋರ್ ಸಮೇತ ಉಚಿತವಾಗಿ ಕೊಡಲೇಬೇಕು, 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅವರವರ ವೆಬ್‌ಸೈಟಿನಲ್ಲೇ ಹೋಗಿ ತೆಗೆಯಿರಿ. ಪ್ಯಾಕೇಜು ಕೊಳ್ಳಿ ಅಂತ ಪರದೆ ಮೇಲೆ ಬರುತ್ತೆ, ಅದನ್ನು ದಾಟಿ ಉಚಿತ ಅನ್ನೋದನ್ನು ಹುಡುಕಿ.

ಪತ್ರದ ಜೊತೆಗೆ ಸಿಬಿಲ್ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ಕೂಡ ಹಾಕಿ. ರಿಪೋರ್ಟಿನ ಮೇಲ್ಭಾಗದಲ್ಲಿ ಕಂಟ್ರೋಲ್ ನಂಬರ್ ಇರುತ್ತೆ, ಅದನ್ನು ಬರೆದಿಟ್ಟುಕೊಳ್ಳಿ. ಏನನ್ನು ಪ್ರಶ್ನಿಸುತ್ತಿದ್ದೀರಿ ಅನ್ನೋ ಆಯ್ಕೆಯಲ್ಲಿ ತುಂಬಾ ಜನ ತಪ್ಪುತ್ತಾರೆ. ಬೈಕ್ ಸಾಲಕ್ಕೆ 'ಈ ಖಾತೆ ನನ್ನದಲ್ಲ' ಅಂತ ಒತ್ತಿದರೆ ಕಂಪನಿ 'ಅವರದೇ' ಅಂತ ಉತ್ತರ ಕೊಡುತ್ತೆ, ಅದು ಸತ್ಯ ಕೂಡ, ಅಲ್ಲಿಗೆ ಡಿಸ್ಪ್ಯೂಟ್ ಮುಗಿಯಿತು. ನೀವು ಪ್ರಶ್ನಿಸಬೇಕಾದ್ದು ಬಾಕಿ ಮೊತ್ತ, ಖಾತೆಯ ಸ್ಥಿತಿ, ಮುಚ್ಚಿದ ದಿನಾಂಕ. ಫೈನಾನ್ಸ್ ಕಂಪನಿಯ ಸಾಲಕ್ಕೆ ಮಾತ್ರ 'ನನ್ನದಲ್ಲ' ಅನ್ನೋ ಆಯ್ಕೆ.

ಇನ್ನು ದಿನದ ಲೆಕ್ಕ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಒಂದು ಒಳ್ಳೆಯ ಸುತ್ತೋಲೆ ತಂದಿತು, ಅದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ನೀವು ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ, ಉಳಿದದ್ದು ಸಿಬಿಲ್‌ನಂಥ ಕಂಪನಿಗೆ. ತಡವಾದರೆ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು, ಯಾರಿಂದ ತಡವಾಯಿತೋ ಅವರು. 40 ದಿನ ಹಿಡಿದರೆ 1,000 ರೂಪಾಯಿ. ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಬ್ಯಾಂಕಿನ ಒಳಗಿದ್ದವನಾಗಿ ಹೇಳ್ತೀನಿ, ಈ ಪರಿಹಾರ ಕೊಡಬೇಕಾಗಿ ಬಂದರೆ ಯಾಕೆ ತಡವಾಯಿತು ಅಂತ ಮೇಲಿನವರಿಗೆ ಬರೆದು ಕೊಡಬೇಕಾಗುತ್ತೆ, ಹಾಗಾಗಿ ಪತ್ರದಲ್ಲಿ ಈ ನಿಯಮದ ಒಂದು ಮಾತಿದ್ದರೆ ಫೈಲು ಬೇಗ ಕದಲುತ್ತೆ. ಆ ಏಜೆಂಟರು ಹೇಳಿದ 45 ದಿನ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ? ಕಾನೂನು ನಿಮಗೆ ಕೊಟ್ಟಿರುವ 30 ದಿನಕ್ಕೇ ಇನ್ನೂ 15 ಸೇರಿಸಿ ನಿಮಗೇ ಮಾರುತ್ತಿದ್ದಾರೆ.

ಒಂದು ಸಣ್ಣ ಮಾತು, ನಿಮಗೆ ಅನ್ವಯಿಸದಿದ್ದರೂ ಓದುವ ಬೇರೆಯವರಿಗೆ ಬೇಕಾಗಬಹುದು. ನಮ್ಮ ರಾಜ್ಯದಲ್ಲಿ ಹುಟ್ಟಿದ ಬ್ಯಾಂಕುಗಳೇ ಎಷ್ಟೊಂದು ಬೇರೆಯವುಗಳಲ್ಲಿ ಸೇರಿಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಹಳೇ ಬ್ಯಾಂಕಿನಲ್ಲಿ ತೀರಿಸಿದ ಸಾಲ ಈಗಲೂ ತೆರೆದೇ ಇರುವಂತೆ ಕಾಣಿಸಿದರೆ ಈಗಿನ ಬ್ಯಾಂಕಿಗೇ ಬರೆಯಬೇಕು, ಹಳೇ ಖಾತೆ ಸಂಖ್ಯೆ ಮತ್ತು ಹಳೇ ಶಾಖೆಯ ಹೆಸರು ಹಾಕಿ. 'ಅದು ನಮ್ಮ ಕಾಲದ್ದಲ್ಲ' ಅಂತ ಕೌಂಟರಿನಲ್ಲಿ ಹೇಳಿದರೆ ಒಪ್ಪಬೇಡಿ, ಹಳೇ ಬ್ಯಾಂಕಿನ ಸಾಲಗಳ ಜೊತೆ ದಾಖಲೆಗಳ ಜವಾಬ್ದಾರಿಯೂ ಅವರಿಗೇ ಬಂದಿದೆ.

ಈಗ ಆ 42,000. ಇದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ನೀವೂ ತೆಗೆದುಕೊಳ್ಳಿ. ಮೊದಲು ಮನೆಯಲ್ಲಿ ಒಮ್ಮೆ ಕೇಳಿ. ಫೋನ್ ಅಥವಾ ಟಿವಿ ಕಂತಿನಲ್ಲಿ ತೆಗೆದುಕೊಂಡಿದ್ದು, ಯಾವುದೋ ಆ್ಯಪಿನಲ್ಲಿ 'ಈಗ ಕೊಳ್ಳಿ, ಆಮೇಲೆ ಕೊಡಿ' ಅಂತ ಒತ್ತಿದ್ದು ಇರಬಹುದಾ ಅಂತ. ಆ್ಯಪಿಗೆ ಒಂದು ಹೆಸರು ಇರುತ್ತೆ, ಹಿಂದೆ ಸಾಲ ಕೊಟ್ಟ ಕಂಪನಿಗೆ ಇನ್ನೊಂದು ಹೆಸರು ಇರುತ್ತೆ, ರಿಪೋರ್ಟಿನಲ್ಲಿ ಬರುವುದು ಎರಡನೆಯದು. ಅದಕ್ಕೇ ಎಷ್ಟೋ ಜನ ತಮ್ಮದೇ ಸಾಲವನ್ನು ಗುರುತಿಸುವುದಿಲ್ಲ. ಮನೆಯವರೆಲ್ಲ ಇಲ್ಲ ಅಂದರೆ, ಯಾರೋ ನಿಮ್ಮ ಪ್ಯಾನ್ ಬಳಸಿದ್ದಾರೆ ಅಂತಲೇ ನಡೆಯಬೇಕು.

ಆ ಕಂಪನಿಯ ದೂರು ಅಧಿಕಾರಿಗೆ ಬರೆದು ಇಷ್ಟನ್ನು ಕೇಳಿ: ಸಾಲದ ಒಪ್ಪಂದದ ಪ್ರತಿ, ಕೆವೈಸಿಗೆ ಕೊಟ್ಟ ದಾಖಲೆ ಮತ್ತು ಫೋಟೋ, ಅರ್ಜಿ ಹಾಕಿದ ಮೊಬೈಲ್ ನಂಬರು, ಹಣ ಯಾವ ಬ್ಯಾಂಕ್ ಖಾತೆಗೆ ಹೋಯಿತು, ಅದರ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ). ಹಣ ಹೋದ ಖಾತೆಯೇ ಈ ಕೇಸಿನ ಜೀವ. ಡಿಜಿಟಲ್ ಸಾಲದ ಹಣ ಸಾಲಗಾರರ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಆ ಖಾತೆ ನಿಮ್ಮದಲ್ಲ ಅಂತ ತೋರಿಸಿದರೆ ಅವರ ಹತ್ತಿರ ವಾದ ಉಳಿಯುವುದಿಲ್ಲ.

ಅದೇ ದಿನ 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಆಮೇಲೆ ತುಮಕೂರಿನ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲಾ ಠಾಣೆಗೆ, ಕಾಗದಗಳ ಜೊತೆ ಹೋಗಿ. ದೂರಿನ ಸ್ವೀಕೃತಿ ಪ್ರತಿ ತೆಗೆದುಕೊಳ್ಳದೆ ಬರಬೇಡಿ, ಕಂಪನಿಗೆ ಅದನ್ನೇ ಕಳಿಸಬೇಕು. ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಿ, ಗೊತ್ತಿಲ್ಲದ ನಂಬರು ಇದ್ದರೆ ಅಲ್ಲೇ ತಿಳಿಸಬಹುದು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ಮತ್ತೆ, ವಸೂಲಿಯವರು ಫೋನ್ ಮಾಡಿ '5,000 ಕಟ್ಟಿ, ಕೇಸ್ ಕ್ಲೋಸ್ ಮಾಡ್ತೀವಿ' ಅಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದ ಮರುಕ್ಷಣ ಅದು ನೀವು ಒಪ್ಪಿಕೊಂಡ ಸಾಲ ಆಗಿಬಿಡುತ್ತೆ.

ಯೋಚಿಸಿ ನೋಡಿ. ನಿಮ್ಮ ಪ್ಯಾನ್ ಯಾರ ಕೈಗೋ ಸಿಕ್ಕಿ ಹೀಗಾಗಿದೆ. ಅದನ್ನು ಸರಿಮಾಡಿಸಲು ಇನ್ನೊಬ್ಬ ಅಪರಿಚಿತರಿಗೆ ಪ್ಯಾನ್, ಆಧಾರ್, ಮೇಲಿಂದ ಒಟಿಪಿ ಕೊಡಲು ಹೊರಟಿದ್ದೀರಿ. ಒಟಿಪಿ ಅಂದರೆ ನಿಮ್ಮ ಸಹಿ. ಕೆಲವರು ಆ ಒಟಿಪಿಯಿಂದ ನಿಮ್ಮ ಸಿಬಿಲ್ ಖಾತೆಯ ಮೊಬೈಲ್ ನಂಬರನ್ನೇ ತಮ್ಮದಕ್ಕೆ ಬದಲಿಸಿಕೊಳ್ಳುತ್ತಾರೆ, ಆಮೇಲೆ ನಿಮಗೆ ಬರಬೇಕಾದ ಎಚ್ಚರಿಕೆ ಮೆಸೇಜು ಅವರಿಗೆ ಹೋಗುತ್ತೆ. ಇನ್ನು ಕೆಲವರು ನಕಲಿ ಎನ್‌ಒಸಿ ತಯಾರಿಸಿ ನಿಮ್ಮ ಹೆಸರಲ್ಲಿ ಕಳಿಸುತ್ತಾರೆ. ಸಿಕ್ಕಿಬಿದ್ದರೆ ಫೋರ್ಜರಿ ಕೇಸು ನಿಮ್ಮ ಮೇಲೆ, ಏಜೆಂಟರ ಫೋನು ಸ್ವಿಚ್ ಆಫ್.

ಮೂರನೆಯದು ಕ್ರೆಡಿಟ್ ಕಾರ್ಡು. ಇದು ಕೇಳಲು ನಿಮಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಇದು ತಪ್ಪಲ್ಲ. 61,000ಕ್ಕೆ 35,000 ಕೊಟ್ಟು ಮುಗಿಸಿದಿರಿ, ಬ್ಯಾಂಕಿಗೆ 26,000 ನಷ್ಟ ಆಯಿತು, ಅದನ್ನು 'ಸೆಟಲ್ಡ್' ಅಂತಲೇ ಬರೆಯುತ್ತಾರೆ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗ ನೀವು ಮಾಡಿದ್ದು ಆ ಹೊತ್ತಿಗೆ ಸರಿಯೇ ಇರಬಹುದು, ಅದಕ್ಕಾಗಿ ನಾಚಿಕೊಳ್ಳಬೇಕಾಗಿಲ್ಲ. ಆದರೆ ನಿಜವಾದ ಮಾಹಿತಿಯನ್ನು ಡಿಸ್ಪ್ಯೂಟ್ ಹಾಕಿ ತೆಗೆಸಲು ಯಾರಿಂದಲೂ ಆಗುವುದಿಲ್ಲ. 'ಏಳು ವರ್ಷ ಆದರೆ ತಾನಾಗೇ ಅಳಿಸಿಹೋಗುತ್ತೆ' ಅಂತಲೂ ಹೇಳ್ತಾರೆ. ನಿಯಮದಲ್ಲಿರುವುದು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಅಂತ, ಏಳಕ್ಕೆ ಅಳಿಸಬೇಕು ಅಂತ ಅಲ್ಲ.

ಇದಕ್ಕೆ ಇರುವುದು ಒಂದೇ ದಾರಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ, ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟುತ್ತೇನೆ, ಖಾತೆಯನ್ನು 'ಕ್ಲೋಸ್ಡ್' ಅಂತ ಬದಲಿಸಿ ಕಳಿಸ್ತೀರಾ ಅಂತ ಕೇಳಿ. ಒಪ್ಪಿದರೆ ಆ ಒಪ್ಪಿಗೆ ಮೊದಲು ಬರಹದಲ್ಲಿ ಬರಲಿ, ಆಮೇಲೆ ದುಡ್ಡು. ಬಾಯಿಮಾತಿನ ಮೇಲೆ ಕಟ್ಟಬೇಡಿ, ಏಕೆಂದರೆ ಇವತ್ತು ಮಾತು ಕೊಟ್ಟ ಅಧಿಕಾರಿ ಮುಂದಿನ ತಿಂಗಳು ವರ್ಗಾವಣೆ ಆಗಿರ್ತಾರೆ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನೋ ಪತ್ರ ತೆಗೆದುಕೊಳ್ಳಿ. ಆ ಸಾಲವನ್ನು ಬ್ಯಾಂಕು ಯಾವುದಾದರೂ ಆಸ್ತಿ ಪುನರ್‌ರಚನಾ ಕಂಪನಿಗೆ, ಅಂದರೆ ವಸೂಲಾಗದ ಸಾಲಗಳನ್ನು ಕೊಳ್ಳುವ ಕಂಪನಿಗೆ, ಮಾರಿದೆಯಾ ಅಂತಲೂ ಕೇಳಿ, ಮಾರಿದ್ದರೆ ಪತ್ರ ಅಲ್ಲಿಂದ ಬರಬೇಕು. ಹಳೆಯ ತಡದ ಗುರುತುಗಳು ತಿಂಗಳ ಮನೆಗಳಲ್ಲಿ ಉಳಿದೇ ಇರುತ್ತವೆ. ಆದರೆ ಸಾಲ ಮಂಜೂರು ಮಾಡುವ ಮೇಜಿನ ಈಚೆ ಕಡೆ ಕೂತಿದ್ದವನಾಗಿ ಹೇಳ್ತೀನಿ, 'ಸೆಟಲ್ಡ್' ಮತ್ತು 'ಕ್ಲೋಸ್ಡ್' ಎರಡೂ ಒಂದೇ ಥರ ಕಾಣುವುದಿಲ್ಲ. ಮೊದಲನೆಯದು ಕಂಡರೆ ಕೈ ಹಿಂದೆ ಹೋಗುತ್ತೆ. 18,000ವನ್ನು ಏಜೆಂಟರಿಗೆ ಕೊಡುವ ಬದಲು ಈ 26,000ಕ್ಕೆ ಸೇರಿಸಿಕೊಳ್ಳಿ ಅನ್ನೋದು ನನ್ನ ಸಲಹೆ.

ಹಾಗಾದರೆ ಯಾವ ಸಹಾಯಕ್ಕೂ ದುಡ್ಡು ಕೊಡಬಾರದಾ? ಹಾಗೇನಿಲ್ಲ. ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತು ಇರುವುದಿಲ್ಲ, ಅಂಗಡಿ ಬಿಟ್ಟು ಓಡಾಡುವುದು ಕಷ್ಟ, ಗೊತ್ತು. ನಿಮ್ಮ ಟ್ಯಾಕ್ಸ್ ನೋಡುವ ಚಾರ್ಟರ್ಡ್ ಅಕೌಂಟೆಂಟ್ ಇದ್ದರೆ ಅವರ ಹತ್ತಿರ ಒಂದು ಗಂಟೆ ಕೂರಿ. ಬೈಕ್ ಸಾಲದ ಸ್ಟೇಟ್‌ಮೆಂಟು ತರಿಸಿ 3,870 ಎಲ್ಲಿ ಹುಟ್ಟಿತು ಅಂತ ಅವರು ಹತ್ತು ನಿಮಿಷದಲ್ಲಿ ಹುಡುಕಿಬಿಡುತ್ತಾರೆ. ಫೈನಾನ್ಸ್ ಕಂಪನಿ ಮಣಿಯದಿದ್ದರೆ, ಅಥವಾ 'ಸೂಟ್ ಫೈಲ್ಡ್' (ಸಾಲ ಕೊಟ್ಟವರು ಕೋರ್ಟಿಗೆ ಹೋಗಿದ್ದಾರೆ) ಅಂತ ಇದ್ದರೆ, ಜಾಮೀನು ನಿಂತ ಸಾಲದ ತಕರಾರು ಇದ್ದರೆ, ತೀರಿಹೋದವರ ಸಾಲ ಮನೆಯವರ ಮೇಲೆ ಬಂದಿದ್ದರೆ, ಅಲ್ಲಿ ವಕೀಲರು ಬೇಕೇ ಬೇಕು. ಒಂದು ಲೀಗಲ್ ನೋಟಿಸು, ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದುಡ್ಡಿನ ತೊಂದರೆ ಇರುವವರು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಕ್ರೆಡಿಟ್ ರಿಪೇರಿ ಅಂತಲೇ ಕೆಲಸ ಮಾಡುವ ಸಂಸ್ಥೆಗಳಲ್ಲೂ ಒಳ್ಳೆಯವರು ಇದ್ದಾರೆ. ಅವರು ಹೇಗೆ ಗೊತ್ತಾಗ್ತಾರೆ ಅಂದರೆ, ಮೊದಲು ರಿಪೋರ್ಟ್ ಓದುತ್ತಾರೆ, ಇದು ಆಗುತ್ತೆ ಇದು ಆಗಲ್ಲ ಅಂತ ಮುಖಕ್ಕೆ ಹೇಳುತ್ತಾರೆ. ನಿಮ್ಮ ಕಾರ್ಡಿನ ವಿಷಯವನ್ನು ಆಗಲ್ಲ ಅಂತ ಹೇಳದವರು ಅಲ್ಲಿಗೇ ಫೇಲ್. ಸ್ಕೋರು ಇಷ್ಟಕ್ಕೆ ತರ್ತೀನಿ ಅಂತ ಮಾತು ಕೊಡುವುದಿಲ್ಲ, ಏಕೆಂದರೆ ಸ್ಕೋರಿನ ಲೆಕ್ಕ ಯಾರ ಕೈಯಲ್ಲೂ ಇಲ್ಲ. ಒಟಿಪಿ ಕೇಳುವುದಿಲ್ಲ, ನಿಮ್ಮ ಮೇಲ್‌ನಿಂದಲೇ ದೂರು ಹೋಗುವಂತೆ ನೋಡಿಕೊಳ್ಳುತ್ತಾರೆ. ಕೆಲಸ ಏನು ಅಂತ ಕಾಗದದ ಮೇಲೆ ಬರೆದು ಬಿಲ್ ಕೊಡುತ್ತಾರೆ. ಅಂಥವರು ಸಿಕ್ಕರೆ ಬೈಕ್ ಸಾಲಕ್ಕೆ ಮಾತ್ರ ಎಷ್ಟು, ಆ 42,000ಕ್ಕೆ ಮಾತ್ರ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿ, ದುಡ್ಡು ಕೆಲಸ ಮುಗಿದ ಮೇಲೆ ಅಂತ ಹೇಳಿ.

30 ದಿನ ಕಳೆದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದಿವೆ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ, ಇಲ್ಲವಾದರೆ ಚಂಡೀಗಢದ ದೂರು ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಿ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳ್ತಾರೆ. ಫೀಸು ಇಲ್ಲ. ವಕೀಲರ ಮೂಲಕ ಹಾಕುವ ಹಾಗೂ ಇಲ್ಲ, ಸಾಮಾನ್ಯ ಜನ ತಾವೇ ಬರೆಯಲಿ ಅಂತಲೇ ಆ ವ್ಯವಸ್ಥೆ ಇರುವುದು. ಒಂದೇ ಎಚ್ಚರಿಕೆ: ಮೊದಲು ಸಂಸ್ಥೆಗೆ ದೂರು ಕೊಟ್ಟಿರಬೇಕು, ಅದರ ಪುರಾವೆ ಇರಬೇಕು. ಅದಿಲ್ಲದೆ ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಅದಕ್ಕೇ ಶಾಖೆಯಲ್ಲಿ ಸುಮ್ನೆ ಮಾತಾಡಿ ಬರಬೇಡಿ, ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

ಇನ್ನು ನಿಮ್ಮ ಗಡುವು. ನಾಳೆ ದೂರು ಹಾಕಿದರೆ ಬೈಕ್ ಸಾಲ ಸುಮಾರು ಒಂದು ತಿಂಗಳಲ್ಲಿ ಸರಿಯಾಗಬಹುದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಮೊದಲಿನಷ್ಟು ಕಾಯಬೇಕಾಗಿಲ್ಲ. ಕಾರ್ಡಿನದು ಬ್ಯಾಂಕಿನ ಮರ್ಜಿ. ಮೋಸದ ಸಾಲಕ್ಕೆ ಜಾಸ್ತಿ ಹೊತ್ತು ಹಿಡಿಯಬಹುದು. ಅಲ್ಲಿಯವರೆಗೆ ಕಾಯುತ್ತಾ ಕೂರಬೇಡಿ. ಅರ್ಜಿ ತಿರಸ್ಕರಿಸಿದ ಶಾಖೆಯ ಮ್ಯಾನೇಜರನ್ನು ಕಂಡು ಎನ್‌ಒಸಿ, ಸೈಬರ್ ದೂರಿನ ಸ್ವೀಕೃತಿ, ಡಿಸ್ಪ್ಯೂಟ್ ಸಂಖ್ಯೆ ಮೂರನ್ನೂ ಒಂದು ಕವರ್ ಪತ್ರದ ಜೊತೆ ಕೊಡಿ. ಡಿಸ್ಪ್ಯೂಟ್ ನಡೆಯುತ್ತಿರುವಾಗ ರಿಪೋರ್ಟಿನಲ್ಲೇ ಆ ಖಾತೆಯ ಹತ್ತಿರ ಹಾಗಂತ ಗುರುತು ಇರುತ್ತೆ, ಅವರಿಗೆ ಕಾಣಿಸುತ್ತೆ. ಕೆಲವು ಮ್ಯಾನೇಜರುಗಳು ಇದರ ಮೇಲೆ ಮೇಲಧಿಕಾರಿಗೆ ಶಿಫಾರಸು ಬರೆಯುತ್ತಾರೆ, ನಾನೇ ಎಷ್ಟೋ ಬರೆದಿದ್ದೇನೆ. ಸಾಲ ಸಿಗಲೇಬೇಕು ಅಂತ ಇನ್ನೂ ಐದಾರು ಬ್ಯಾಂಕಿಗೆ ಒಟ್ಟಿಗೇ ಅರ್ಜಿ ಹಾಕಬೇಡಿ, ಪ್ರತಿಯೊಂದೂ ಎನ್‌ಕ್ವೈರಿ ಅಂತ ದಾಖಲಾಗಿ ಸ್ಕೋರು ಇನ್ನೂ ಇಳಿಯುತ್ತೆ. ಮನೆ ಮಾರುವವರ ಜೊತೆಗೂ ಈಗಲೇ ಮಾತಾಡಿ, ಒಂದು ತಿಂಗಳು ಮುಂದೂಡುವ ಒಪ್ಪಂದವನ್ನು ಬರೆಸಿಕೊಳ್ಳಿ. ಗಡುವಿನ ಹಿಂದಿನ ದಿನ ಕೇಳುವುದಕ್ಕಿಂತ ಈಗ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು.

ಆ ಏಜೆಂಟರಿಗೆ ಪ್ಯಾನ್, ಆಧಾರ್ ಪ್ರತಿ ಆಗಲೇ ವಾಟ್ಸ್‌ಆ್ಯಪ್ ಮಾಡಿಬಿಟ್ಟಿದ್ದೀರಾ ಅಂತ ನೀವು ಬರೆದಿಲ್ಲ. ಮಾಡಿದ್ದರೆ ಇವತ್ತೇ ಸಿಬಿಲ್ ಖಾತೆಗೆ ಲಾಗಿನ್ ಆಗಿ ಮೊಬೈಲ್ ನಂಬರು, ಇಮೇಲ್ ನಿಮ್ಮದೇ ಇದೆಯಾ ನೋಡಿ, ಪಾಸ್‌ವರ್ಡ್ ಬದಲಿಸಿ. ಬ್ಯಾಂಕುಗಳು ನಿಮ್ಮ ರಿಪೋರ್ಟ್ ತೆಗೆದು ನೋಡಿದಾಗಲೆಲ್ಲ ನಿಮಗೆ ಮೆಸೇಜು ಬರಬೇಕು, ಗೊತ್ತಿಲ್ಲದ ಹೆಸರಿನಿಂದ ಬಂದರೆ ಬಿಡದೆ ವಿಚಾರಿಸಿ. ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡು ಯಾವ ದಿನ ಯಾರಿಗೆ ಬರೆದಿರಿ, ದೂರಿನ ಸಂಖ್ಯೆ ಏನು ಅಂತ ಬರೆದಿಡಿ. 21ನೇ ದಿನ, 30ನೇ ದಿನ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. 31ನೇ ದಿನವೂ ಬೈಕ್ ಸಾಲದ ಪುಟ ಹಾಗೇ ಇದ್ದರೆ ಬಂದ ಉತ್ತರಗಳ ಪ್ರತಿ ಸಮೇತ ನನಗೆ ಬರೆಯಿರಿ. ಒಂಬುಡ್ಸ್‌ಮನ್‌ಗೆ ಕಳಿಸುವ ದೂರನ್ನು ಇಬ್ಬರೂ ಸೇರಿ ಬರೆಯೋಣ.